ಕಿಲ್ಟಿಗೆ ಅಷ್ಟೊಂದು ರೇಟ್ ಎಂತಕ್ಕೆ? ಬ್ಲೌಸ್ ಹೊಲಿಯುವವಳ ಲೆಕ್ಕ

ಸ್ಕಾಟ್ಲೆಂಡಲ್ಲಿ ಗಂಡಸರು ಉಡುವ ನೆರಿಗೆ ಲಂಗಕ್ಕೆ ಕಿಲ್ಟ್ ಅಂತಾರಲ್ಲ, ಕೈಯಲ್ಲೇ ಹೊಲಿದ ಒಳ್ಳೆ ಉಣ್ಣೆಯದ್ದಕ್ಕೆ ಅಲ್ಲಿ 500ರಿಂದ 700 ಪೌಂಡ್ ಹೇಳ್ತಾರೆ, ಕೆಲವು ಕಡೆ ಅದಕ್ಕಿಂತಲೂ ಜಾಸ್ತಿ. 700 ಪೌಂಡ್ ಅಂದ್ರೆ ನಮ್ಮ ದುಡ್ಡಲ್ಲಿ ಹತ್ತಿರ ಹತ್ತಿರ 80,000 ರೂಪಾಯಿ. ಒಂದು ಚೌಕುಳಿ ಲಂಗಕ್ಕೆ ಇಷ್ಟಾ ಅಂತ ನಮ್ಮ ಮನೆಯಲ್ಲಿ ಎಲ್ರೂ ಬಾಯಿ ಬಿಟ್ರು, ಅಪ್ಪ ಅಂತೂ "ನಮ್ಮ ಲುಂಗಿಯನ್ನೇ ಎತ್ತಿ ಕಟ್ಟಿದ್ರೆ ಆಯ್ತಲ್ಲ, ಅದ್ರಲ್ಲೂ ಚೆಕ್ಸ್ ಉಂಟು" ಅಂದ್ರು. ನನಗೆ ಮಾತ್ರ ಅದರ ಬಗ್ಗೆ ಓದಿ, ಹೊಲಿಯುವ ವಿಡಿಯೋಗಳನ್ನು ನೋಡಿ, ಲೆಕ್ಕ ಹಾಕಿ ಆದ ಮೇಲೆ ಅನಿಸಿದ್ದು, ಈ ರೇಟು ಜಾಸ್ತಿ ಅಲ್ಲ, ಕಡಿಮೆಯೇ ಆಯ್ತು ಅಂತ. ಎಂತಕ್ಕೆ ಅಂತ ಹೇಳ್ತೇನೆ, ಚೂರು ಉದ್ದ ಆದೀತು.

ವಿಷಯ ಎದ್ದದ್ದು ತಮ್ಮನಿಂದ. ಅವ ಗ್ಲಾಸ್ಗೋದಲ್ಲಿ ಕೆಲಸದಲ್ಲಿದ್ದಾನೆ, ಅವನ ಆಫೀಸಿನವನೊಬ್ಬನ ಮದುವೆಗೆ ಗಂಡಸರೆಲ್ಲ ಕಿಲ್ಟಲ್ಲೇ ಬರ್ಬೇಕಂತೆ. ವಾಟ್ಸಾಪಲ್ಲಿ ಫೋಟೋ ಹಾಕಿ, "ಅಕ್ಕಾ, ನೀನು ಶಾಲೆ ಮಕ್ಕಳ ಚೆಕ್ಸ್ ಸ್ಕರ್ಟ್ ಎಷ್ಟು ಹೊಲಿದಿಲ್ಲ, ಇದೂ ಅದೇ ಅಲ್ವಾ, ಬಟ್ಟೆ ನಾನು ತರ್ತೇನೆ, ಊರಿಗೆ ಬಂದಾಗ ಒಂದು ಹೊಲಿದು ಕೊಡು ಮಾರಾಯ್ತಿ" ಅಂದ. ಅವ ಹೇಳಿದ್ದರಲ್ಲಿ ಸುಳ್ಳೇನಿಲ್ಲ. ಬದಿಯಡ್ಕದ ಹತ್ತಿರ ನನ್ನದೊಂದು ಸಣ್ಣ ಹೊಲಿಗೆ ಅಂಗಡಿ, ಜೂನಲ್ಲಿ ಶಾಲೆ ಶುರು ಆಗುವ ಮೊದಲು ನೆರಿಗೆ ಸ್ಕರ್ಟ್ ಹೊಲಿದು ಹೊಲಿದು ಕನಸಲ್ಲೂ ಚೆಕ್ಸೇ ಕಾಣುದು. ಹಾಗಾಗಿ ನೆರಿಗೆ ಅಂದ್ರೆ ಎಂತ, ಅದಕ್ಕೆ ಎಷ್ಟು ಹೊತ್ತು ಹೋಗ್ತದೆ ಅಂತ ನನಗೆ ಕೈಯಲ್ಲೇ ಗೊತ್ತುಂಟು. ಅವ ಕಳಿಸಿದ ಫೋಟೋವನ್ನು ದೊಡ್ಡದು ಮಾಡಿ ಹಿಂದಿನ ಭಾಗ ನೋಡಿದೆ ನೋಡಿ, ಆಗ ಗೊತ್ತಾಯ್ತು ಇದು ಬೇರೆಯೇ ಕೆಲಸ ಅಂತ.

ಮೊದಲು ಬಟ್ಟೆ. ಸಂಪ್ರದಾಯದ ಪೂರ್ತಿ ಕಿಲ್ಟಿಗೆ 8 ಗಜ ಬಟ್ಟೆ ಬೇಕು, ಮೀಟರಲ್ಲಿ 7.3. ನಾವು ಉಡುವ ಸೀರೆ ಐದೂವರೆ ಆರು ಮೀಟರ್ ಅಲ್ವಾ, ಅದಕ್ಕಿಂತ ಉದ್ದ! ಅಗಲ ಮಾತ್ರ ಸೀರೆಯಷ್ಟಿಲ್ಲ, ಸೊಂಟದಿಂದ ಮೊಣಕಾಲಿನ ಚಿಪ್ಪಿನವರೆಗೆ ಅಷ್ಟೆ, ಸುಮಾರು 24 ಇಂಚು. ಈಗಿನ ಮಿಲ್ಲುಗಳಲ್ಲಿ ಹೆಚ್ಚಾಗಿ ಡಬಲ್ ಅಗಲದ ಬಟ್ಟೆ ನೇಯುದ್ರಿಂದ 4 ಗಜ ತಗೊಂಡು ಉದ್ದಕ್ಕೆ ನಡುವಲ್ಲಿ ಎರಡು ಸೀಳು ಮಾಡಿ ಜೋಡಿಸ್ತಾರೆ, ಆ ಜೋಡಣೆ ಯಾವುದಾದ್ರೂ ನೆರಿಗೆಯ ಒಳಗೆ ಅಡಗಿ ಕೂತಿರ್ತದೆ, ಹುಡುಕಿದ್ರೂ ಸಿಗ್ಲಿಕ್ಕಿಲ್ಲ. ಬಟ್ಟೆ ಒಳ್ಳೆ ಬಾಚಿದ ಉಣ್ಣೆ ನೂಲಿನದ್ದು, ತೂಕದ ಲೆಕ್ಕದಲ್ಲಿ ಮಾರುದು, 13 ಔನ್ಸ್, 16 ಔನ್ಸ್ ಹೀಗೆ, ಗಜಕ್ಕೆ. 16 ಔನ್ಸಿನದ್ದು 4 ಗಜ ಅಂದ್ರೆ 64 ಔನ್ಸ್, ಹತ್ತಿರ ಹತ್ತಿರ 1.8 ಕಿಲೋ. ಸೊಂಟದ ಮೇಲೆ ಸುಮಾರು ಎರಡು ಕಿಲೋ ಉಣ್ಣೆ ಕಟ್ಟಿಕೊಂಡು ಮದುವೆಯಲ್ಲಿ ಡ್ಯಾನ್ಸ್ ಮಾಡುದು, ನಮ್ಮ ಸೆಕೆಗೆ ಆಗ್ಲಿಕ್ಕಿಲ್ಲ ಬಿಡಿ. ಆದ್ರೆ ಆ ತೂಕ ಇರ್ಬೇಕು, ಭಾರ ಇದ್ರೆ ಮಾತ್ರ ನೆರಿಗೆ ನೆಟ್ಟಗೆ ಬೀಳುದು, ನಡೆಯುವಾಗ ಹಿಂದೆ ಬೀಸಿ ಮತ್ತೆ ತಾನಾಗಿ ಜಾಗಕ್ಕೆ ಬಂದು ಕೂರುದು.

ಇನ್ನೊಂದು ವಿಷಯ, ಕಿಲ್ಟಿನ ಕೆಳಗೆ ಮಡಚಿ ಹೊಲಿದಿರುದಿಲ್ಲ. ನಾವು ಸ್ಕರ್ಟಿಗೆ ಕೆಳಗೆ ಒಂದೂವರೆ ಎರಡು ಇಂಚು ಮಡಚಿ ಹೆಮ್ಮಿಂಗ್ ಮಾಡ್ತೇವಲ್ಲ, ಇಲ್ಲಿ ಹಾಗೆ ಮಾಡಿದ್ರೆ ಅಷ್ಟು ನೆರಿಗೆ ಒಂದರ ಮೇಲೊಂದು ಕೂತು ಕೆಳಗೆ ದಪ್ಪ ಆಗಿ ಉಬ್ಬಿ ನಿಲ್ತದೆ. ಅದಕ್ಕೆ ಮಗ್ಗದಲ್ಲಿ ಬಂದ ಅಂಚೇ ಕೆಳಗಿನ ಅಂಚು. ಅಂದ್ರೆ ನೇಯುವವನು ಅಂಚನ್ನು ಅಷ್ಟು ಶುದ್ಧ ನೇಯ್ಬೇಕು, ಅಲ್ಲಿ ಒಂದು ನೂಲು ಎಳೆದ ಹಾಗೆ ಇದ್ರೂ ಮೊಣಕಾಲಿನ ಎದುರಲ್ಲೇ ಕಾಣ್ತದೆ.

ಮತ್ತೆ ಆ ಚೌಕುಳಿ, ಟಾರ್ಟನ್ ಅಂತಾರಲ್ಲ ಅದು. ಬಡಗಿನ ಯಕ್ಷಗಾನದ ಕಸೆ ಸೀರೆಯಲ್ಲಿ ಚೌಕುಳಿ ನೋಡಿದವರಿಗೆ ಇದೇನು ಹೊಸತು ಅಂತ ಅನಿಸೀತು. ಇಲ್ಲಿ ಹಾಸಲ್ಲಿ, ಅಂದ್ರೆ ಉದ್ದದ ನೂಲಲ್ಲಿ, ಯಾವ ಬಣ್ಣ ಎಷ್ಟು ಎಳೆ ಉಂಟೋ ಅಡ್ಡ ಹೋಗುವ ಹೊಕ್ಕಲ್ಲೂ ಸಾಮಾನ್ಯವಾಗಿ ಅದೇ ಲೆಕ್ಕ, ಆ ಇಡೀ ವಿನ್ಯಾಸ ಒಂದು ಸಲ ಬಂದು ಮುಗಿಯುದಕ್ಕೆ ಸೆಟ್ ಅಂತ ಹೆಸರು, ಆರು ಏಳು ಎಂಟು ಇಂಚು ಹೀಗೆ ಇರ್ತದೆ. ಸ್ಟುವರ್ಟ್, ಬ್ಲ್ಯಾಕ್ ವಾಚ್ ಅಂತ ಎಲ್ರೂ ಕೇಳುವ ಡಿಸೈನು ಮಿಲ್ಲಲ್ಲಿ ಥಾನುಗಟ್ಟಲೆ ನೇಯ್ದು ಇಟ್ಟಿರ್ತಾರೆ, ಅದು ಚೂರು ಅಗ್ಗ. ಆದ್ರೆ ನಿಮ್ಮ ಮನೆತನದ್ದು ಅಪರೂಪದ್ದು, ಯಾರೂ ಕೇಳುದಿಲ್ಲ ಅಂತಾದ್ರೆ ನಿಮಗೆ ಬೇಕಾದ 4 ಗಜಕ್ಕೋಸ್ಕರ ಹಾಸು ಹಾಕ್ಬೇಕು, ಒಂದೊಂದು ನೂಲನ್ನು ಲೆಕ್ಕ ಪ್ರಕಾರ ಏರಿಸ್ಬೇಕು. 4 ಗಜ ನೇಯ್ದ್ರೂ 40 ಗಜ ನೇಯ್ದ್ರೂ ಮಗ್ಗ ತಯಾರು ಮಾಡುವ ಕೆಲಸದಲ್ಲಿ ದೊಡ್ಡ ವ್ಯತ್ಯಾಸ ಇಲ್ಲ, ಹಾಗಾಗಿ ಗಜಕ್ಕೆ ಬೀಳುವ ಖರ್ಚು ಎಲ್ಲೋ ಹೋಗಿ ಕೂರ್ತದೆ. ನಮ್ಮ ಕಾಸರಗೋಡು ಸೀರೆ ನೇಯುವ ಶಾಲಿಯರ ಹತ್ತಿರ ಕೇಳಿ ಬೇಕಾದ್ರೆ, ಒಂದೇ ಒಂದು ಸೀರೆಗೆ ಹಾಸು ಹಾಕಿ ಅಂದ್ರೆ ಮುಖ ನೋಡಿಯಾರು.

ಈಗ ನೆರಿಗೆಗೆ ಬರುವ, ಅಸಲು ಕಥೆ ಇಲ್ಲೇ ಇರುದು. ನನಗೂ ಮಾತಾಡ್ಲಿಕ್ಕೆ ಇದೇ ಇಷ್ಟ.

ಕಿಲ್ಟಿನ ಎದುರು ಭಾಗ ಸಪಾಟು, ಎರಡು ಪದರ ಒಂದರ ಮೇಲೊಂದು ಬರ್ತದೆ, ನೆರಿಗೆ ಇರುದು ಬರೇ ಹಿಂದೆ. 40 ಇಂಚು ಹಿಪ್, 34 ಇಂಚು ಸೊಂಟದ ಒಬ್ಬ ಗಂಡಸು ಅಂತ ಇಟ್ಟುಕೊಳ್ಳಿ. ಹಿಂದಿನ ನೆರಿಗೆ ಭಾಗಕ್ಕೆ ಹಿಪ್ಪಲ್ಲಿ 20 ಇಂಚು, ಸೊಂಟದಲ್ಲಿ 17 ಇಂಚು ಸಿಗ್ತದೆ. ಒಂದೊಂದು ನೆರಿಗೆಗೂ ಒಂದು ಪೂರ್ತಿ ಸೆಟ್, ಏಳೂವರೆ ಇಂಚು ಬಟ್ಟೆ ಒಳಗೆ ಹೋಗ್ತದೆ ಅಂತಾದ್ರೆ 27 ನೆರಿಗೆಗೆ ಹತ್ತಿರ ಹತ್ತಿರ 202 ಇಂಚು. 8 ಗಜ ಅಂದ್ರೆ 288 ಇಂಚು, ಉಳಿದ 86 ಇಂಚು ಎದುರಿನ ಎರಡು ಪದರಕ್ಕೆ, ಒಳಮಡಿಕೆಗೆ. ಲೆಕ್ಕ ಸರಿ ಬಂತಲ್ಲ. ಈಗ 20 ಇಂಚನ್ನು 27ಕ್ಕೆ ಹಂಚಿ, ಹಿಪ್ಪಲ್ಲಿ ಒಂದು ನೆರಿಗೆ ಹೊರಗೆ ಕಾಣುವ ಅಗಲ 19 ಮಿಲಿಮೀಟರಿಗೆ ಚೂರು ಕಡಿಮೆ. 17 ಇಂಚನ್ನು 27ಕ್ಕೆ ಹಂಚಿ, ಸೊಂಟದಲ್ಲಿ 16 ಮಿಲಿಮೀಟರ್. ಅಂದ್ರೆ ಪ್ರತಿ ನೆರಿಗೆಯೂ ಮೇಲೆ ಹೋಗ್ತಾ ಹೋಗ್ತಾ ಮೂರು ಮಿಲಿಮೀಟರಿಗಿಂತ ಕಡಿಮೆ ಸಪೂರ ಆಗ್ಬೇಕು, ಅದೂ ನೇರ ಗೆರೆಯಲ್ಲಿ, ಅದೂ 27ರಲ್ಲೂ ಒಂದೇ ಥರ.

ಇದರಲ್ಲಿ ಒಂದು ನೆರಿಗೆಗೆ ಒಂದೇ ಒಂದು ಮಿಲಿಮೀಟರ್ ಹೆಚ್ಚು ಕಡಿಮೆ ಆಯ್ತು ಅಂತ ಇಟ್ಟುಕೊಳ್ಳಿ, ಯಾರ ಕಣ್ಣಿಗೂ ಕಾಣುದಿಲ್ಲ, ಆದ್ರೆ 27 ನೆರಿಗೆ ಮುಗಿಯುವಾಗ 27 ಮಿಲಿಮೀಟರ್, ಒಂದು ಇಂಚಿಗಿಂತ ಜಾಸ್ತಿ ಲೆಕ್ಕ ತಪ್ಪಿರ್ತದೆ. ಸೊಂಟ 34 ಹೋಗಿ 35 ಆಯ್ತು. ಶಾಲೆ ಸ್ಕರ್ಟಲ್ಲಿ ಈ ರಗಳೆ ಇಲ್ಲವೇ ಇಲ್ಲ, ಮೇಲೆ ಪಟ್ಟಿ ಕೊಟ್ಟು ಅದರೊಳಗೆ ನೆರಿಗೆ ಸಿಕ್ಕಿಸಿದ್ರೆ ಮುಗೀತು, ಚೂರು ಆಚೆ ಈಚೆ ಆದ್ರೆ ಕೊನೆ ನೆರಿಗೆಯಲ್ಲಿ ಸರಿ ಮಾಡ್ಲಿಕ್ಕಾಗ್ತದೆ, ಹಿಂದೆ ಒಂದು ಎಲಾಸ್ಟಿಕ್ಕೂ ಇರ್ತದೆ. ಮಗು ಎರಡು ವರ್ಷ ಹಾಕಿದ್ರೆ ಸಾಕಲ್ಲ.

ಅಷ್ಟಕ್ಕೇ ಮುಗೀಲಿಲ್ಲ. ನೆರಿಗೆ ಹಾಕಿದ ಮೇಲೂ ಹಿಂದಿನಿಂದ ನೋಡಿದ್ರೆ ಚೌಕುಳಿ ತುಂಡಾದ ಹಾಗೆ ಕಾಣ್ಬಾರ್ದು, ಎದುರಿನ ಸಪಾಟು ಬಟ್ಟೆಯಲ್ಲಿ ಹೇಗೆ ಉಂಟೋ ಹಾಗೇ ಕಾಣ್ಬೇಕು. ಅದಕ್ಕೆ ಒಂದು ನೆರಿಗೆಯಲ್ಲಿ ಕೆಂಪು ಮುಗಿದಲ್ಲಿಂದ ಪಕ್ಕದ ನೆರಿಗೆಯಲ್ಲಿ ಹಸಿರು ಶುರು ಆಗುವ ಹಾಗೆ, ಒಂದೊಂದನ್ನೂ ಚೂರು ಚೂರು ಸರಿಸಿ ಮಡಚ್ತಾರೆ. ಅಡ್ಡ ಗೆರೆಗಳೂ ಒಂದು ನೆರಿಗೆಯಿಂದ ಇನ್ನೊಂದಕ್ಕೆ ಒಂದೇ ಎತ್ತರದಲ್ಲಿ ಸೇರ್ಬೇಕು. ಸೈನ್ಯದ ರೆಜಿಮೆಂಟುಗಳಲ್ಲಿ ಬೇರೆ ಕ್ರಮ ಉಂಟು, ಪ್ರತಿ ನೆರಿಗೆಯ ನಡುವಿಗೂ ಒಂದೇ ಬಣ್ಣದ ಗೆರೆ ಬರುವ ಹಾಗೆ ಮಾಡುದು, ಆಗ ಎದುರು ಒಂದು ಬಣ್ಣ ಹಿಂದೆ ಇನ್ನೊಂದು ಬಣ್ಣ ಇದ್ದ ಹಾಗೆ ಕಾಣ್ತದೆ, ನಡೆಯುವಾಗ ಒಳಗಿನ ಬಣ್ಣ ಮಿಂಚಿ ಹೋಗ್ತದೆ. ಚಂದ ಅಂದ್ರೆ ಚಂದವೇ. ಇದೆಲ್ಲದಕ್ಕೂ ರೆಡಿಮೇಡ್ ಪೇಪರ್ ಕಟಿಂಗ್ ಇರ್ಲಿಕ್ಕೆ ಸಾಧ್ಯವೇ ಇಲ್ಲ, ಯಾಕಂದ್ರೆ ಸೆಟ್ಟಿನ ಅಳತೆ ಬದಲಾದ್ರೆ ಲೆಕ್ಕ ಬದಲು, ಹಿಪ್ ಬದಲಾದ್ರೆ ಲೆಕ್ಕ ಬದಲು. ಪ್ರತಿ ಕಿಲ್ಟಿಗೂ ಕೂತು ಹೊಸ ಲೆಕ್ಕ.

ಇನ್ನು ಹೊಲಿಯುದು. ಸೊಂಟದಿಂದ ಹಿಪ್‌ವರೆಗೆ ಸುಮಾರು 8 ಇಂಚು ಪ್ರತಿ ನೆರಿಗೆಯ ಮಡಿಕೆಯನ್ನು ಪಕ್ಕದ್ದಕ್ಕೆ ಸೂಜಿಯಲ್ಲಿ ಹಿಡಿಸುದು, ಹೊರಗಿನಿಂದ ನೂಲು ಕಾಣ್ಬಾರ್ದು. ಇಂಚಿಗೆ ಹತ್ತು ಹೊಲಿಗೆ ಅಂತ ಹಿಡಿದ್ರೂ 27 ನೆರಿಗೆಗೆ ಎರಡು ಸಾವಿರದ ಮೇಲೆ ಆಯ್ತು, ಇದು ಬರೇ ನೆರಿಗೆಯದ್ದು. ನನಗೂ ಕುತೂಹಲ ತಡೀಲಿಕ್ಕಾಗ್ಲಿಲ್ಲ, ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಲ್ಲಿ ಉಳಿದ ಯೂನಿಫಾರ್ಮ್ ಬಟ್ಟೆ ತಗೊಂಡು ಕೆಲವು ನೆರಿಗೆ ಹಾಗೇ ಮಾಡಿ ನೋಡಿದೆ, ಗೆರೆ ಸೇರಿಸಿ, ಮೇಲೆ ಸಪೂರ ಮಾಡಿ, ಹೊಲಿಗೆ ಕಾಣದ ಹಾಗೆ. ಒಂದು ನೆರಿಗೆಗೆ ಹತ್ತಿರ ಹತ್ತಿರ ಅರ್ಧ ಗಂಟೆ ಹೋಯ್ತು. ಅಭ್ಯಾಸ ಇದ್ದವರಿಗೆ ಅಷ್ಟು ಬೇಡ, ಆದ್ರೆ ಅವರ ಕೈಯಲ್ಲಿ ಇರುದು ಸಪೂರ ಕಾಟನ್ ಅಲ್ಲ, ದಪ್ಪ ಉಣ್ಣೆ, ಬೆರಳಿಗೆ ಟೋಪಿ ಇಲ್ಲದೆ ಸೂಜಿ ದೂಡ್ಲಿಕ್ಕೇ ಕಷ್ಟ.

ಈ ನೆರಿಗೆ ಎಲ್ಲ ಹೊಲಿದಾದ ಮೇಲೆ ಒಳಗೆ ನೋಡಿದ್ರೆ ಬಟ್ಟೆಯ ರಾಶಿ, ಸೊಂಟದ ಹತ್ತಿರ ಅಷ್ಟು ಪದರ ಇದ್ರೆ ದಿಂಬು ಕಟ್ಟಿದ ಹಾಗೆ ಆದೀತು. ಅದಕ್ಕೆ ಹೊಲಿಗೆ ಇರುವ ಭಾಗದ ಒಳಗಿನ ಹೆಚ್ಚಿನ ಬಟ್ಟೆಯನ್ನು ಕತ್ತರಿಸಿ ತೆಗೀತಾರೆ. ಅಷ್ಟು ರೇಟಿನ ಬಟ್ಟೆಗೆ, ಅಷ್ಟು ಹೊತ್ತು ಕೂತು ಹೊಲಿದ ಮೇಲೆ, ಒಳಗಿನಿಂದ ಕತ್ತರಿ ಹಾಕುದು! ಎದೆ ಗಟ್ಟಿ ಇರ್ಬೇಕು ಮಾರಾಯ್ರೆ. ಕತ್ತರಿಸಿದಲ್ಲಿ ನೆರಿಗೆ ಜಗ್ಗದ ಹಾಗೆ ಒಳಗಿನಿಂದ ಅಡ್ಡಕ್ಕೆ ಸಾಲಾಗಿ ಹೊಲಿಗೆ ಹಾಕಿ, ಅದರ ಮೇಲೆ ಕ್ಯಾನ್ವಾಸ್ ಕೊಟ್ಟು, ಅದರ ಮೇಲೆ ಕಾಟನ್ ಲೈನಿಂಗ್. ಬಕಲ್ ಎಳೆದು ಕಟ್ಟುವಾಗ ಆ ಎಳೆತ ನೆರಿಗೆಯ ಹೊಲಿಗೆಗೆ ಬೀಳದೆ ಕ್ಯಾನ್ವಾಸಿಗೆ ಬೀಳ್ಬೇಕು, ಇಲ್ಲದಿದ್ರೆ ಸ್ವಲ್ಪ ಸಮಯದಲ್ಲಿ ನೆರಿಗೆ ಬಾಯಿ ಬಿಡ್ಲಿಕ್ಕೆ ಶುರು. ಹೊರಗಿನಿಂದ ನೋಡುವವರಿಗೆ ಈ ಕೆಲಸದಲ್ಲಿ ಒಂದು ಚೂರೂ ಕಾಣುದಿಲ್ಲ, ಬಿಲ್ಲಿನಲ್ಲಿ ಮಾತ್ರ ಕಾಣುದು. ಬ್ಲೌಸಿನ ಗಿರಾಕಿಗಳೂ ಹೀಗೆಯೇ, "ಲೈನಿಂಗಿಗೆ ಎಂತಕ್ಕೆ ಬೇರೆ ಚಾರ್ಜು ಅಕ್ಕ, ಒಳಗೆ ಅಲ್ವಾ ಇರುದು" ಅಂತ ಕೇಳ್ತಾರೆ. ಒಳಗೆ ಇರುದಕ್ಕೇ ಚಾರ್ಜು ಮಾರಾಯ್ತಿ ಅಂತ ಹೇಳಿ ಹೇಳಿ ಸಾಕಾಗಿದೆ ನನಗೆ.

ಮತ್ತೆ ಚರ್ಮದ ಪಟ್ಟಿ, ಬಕಲ್, ಎಡಬದಿಯ ಪಟ್ಟಿ ಹೊರಗೆ ಬರ್ಲಿಕ್ಕೆ ಬಟ್ಟೆಯಲ್ಲೇ ಒಂದು ಸೀಳು, ಎದುರಿನ ಪದರದ ಅಂಚಿಗೆ ಜೂಲು. ಕೊನೆಗೆ ನೆರಿಗೆಗಳನ್ನೆಲ್ಲ ಕೆಳಗಿನವರೆಗೆ ಕಚ್ಚಾ ಹೊಲಿಗೆಯಲ್ಲಿ ಹಿಡಿಸಿ, ಒದ್ದೆ ಬಟ್ಟೆ ಹಾಸಿ ಭಾರದ ಇಸ್ತ್ರಿಯಲ್ಲಿ ಒತ್ತಿ ಕೂರಿಸುದು. ಕೆಲವರು ಆ ಕಚ್ಚಾ ನೂಲು ತೆಗೀದೇ ಗಿರಾಕಿಗೆ ಕೊಡ್ತಾರಂತೆ, ಮನೆಗೆ ಹೋಗಿ ಅವರೇ ಬಿಚ್ಚಿಕೊಳ್ಳುದು, ದಾರಿಯಲ್ಲಿ ನೆರಿಗೆ ಹಾಳಾಗ್ಬಾರ್ದು ಅಂತ.

ಎಲ್ಲ ಸೇರಿ ಕೈ ಹೊಲಿಗೆಯ ಒಂದು ಕಿಲ್ಟಿಗೆ 20 ಗಂಟೆ ಹತ್ತಿರ ಕೆಲಸ ಅಂತ ಆ ಕೆಲಸ ಮಾಡುವವರೇ ಹೇಳುದು, ಕೆಲವರಿಗೆ ಕಡಿಮೆ ಕೆಲವರಿಗೆ ಜಾಸ್ತಿ. ಬ್ರಿಟನಲ್ಲಿ 2025ರ ಏಪ್ರಿಲಿಂದ 21 ವರ್ಷ ತುಂಬಿದವರಿಗೆ ಕನಿಷ್ಠ ಕೂಲಿ ಗಂಟೆಗೆ 12.21 ಪೌಂಡ್ ಇತ್ತು, ಅದನ್ನೇ ಹಿಡಿಯುವ. ಕನಿಷ್ಠ ಅಂದ್ರೆ ಹೋಟೆಲಲ್ಲಿ ಪ್ಲೇಟ್ ತೊಳೆಯುವವರಿಗೂ ಕೊಡ್ಲೇಬೇಕಾದ್ದು. 20 ಗಂಟೆಗೆ 244 ಪೌಂಡ್ ಆಯ್ತು. ಈಗ 700 ಪೌಂಡಿನ ಬಿಲ್ಲು ತಗೊಳ್ಳಿ, ದೊಡ್ಡ ಅಂಗಡಿ ಆದ್ರೆ ಅದರೊಳಗೆ 20 ಶೇಕಡ ವ್ಯಾಟ್, ಅದನ್ನು ಬಿಟ್ರೆ 583 ಉಳೀತು. ಒಳ್ಳೆ ಬಟ್ಟೆಗೆ 200 ಅಂತ ಹಿಡಿಯಿರಿ, ಅದಕ್ಕಿಂತ ಜಾಸ್ತಿಯೂ ಆದೀತು. ಕೂಲಿ 244. ಉಳಿದದ್ದು 139 ಪೌಂಡ್, ಇದರಲ್ಲಿ ಅಂಗಡಿ ಬಾಡಿಗೆ, ಅಳತೆ ತಗೊಳ್ಳುವವರ ಸಂಬಳ, ಚರ್ಮ, ಬಕಲ್, ಲೈನಿಂಗ್, ಕರೆಂಟ್, ಆಮೇಲೆ ಲಾಭ. ಈ ಲೆಕ್ಕದಲ್ಲಿ ವರ್ಷಗಟ್ಟಲೆ ಕಲಿತ ಕೈಗೆ ಸಿಕ್ಕಿದ್ದು ಪ್ಲೇಟ್ ತೊಳೆಯುವವರ ಕೂಲಿಯೇ. ಅಷ್ಟು ಕಲಿತವರಿಗೆ ಗಂಟೆಗೆ 20 ಪೌಂಡಾದ್ರೂ ಬೇಡ್ವಾ, ಕೊಟ್ರೆ ಕೂಲಿಯೇ 400 ಆಗ್ತದೆ, ಆಗ 700ರಲ್ಲಿ ಅಂಗಡಿಯವನ ಕೈಗೆ ಬಾಡಿಗೆಯೂ ಹುಟ್ಟುದಿಲ್ಲ. ಅದಕ್ಕೇ ನಾನು ರೇಟ್ ಕಡಿಮೆ ಆಯ್ತು ಅಂದದ್ದು.

ಇದರಲ್ಲಿ ಇನ್ನೊಂದು ಸಂಗತಿ ಉಂಟು, ಅದು ನನಗೆ ಎಷ್ಟೋ ಹೊತ್ತು ತಲೆಯಲ್ಲಿ ಕೂತಿತ್ತು. ದೊಡ್ಡ ಬೀದಿಯ ಅಂಗಡಿಗಳಲ್ಲಿ ಅಳತೆ ಕೊಟ್ಟು ಬರುವ ಕಿಲ್ಟನ್ನು ಎಷ್ಟೋ ಸಲ ಆ ಅಂಗಡಿಯೊಳಗೆ ಹೊಲಿಯುದೇ ಅಲ್ಲ, ಮನೆಯಲ್ಲಿ ಕೂತು ಹೊಲಿಯುವ ಹೆಂಗಸರಿಗೆ ಬಟ್ಟೆ ಹೋಗ್ತದೆ, ಒಂದು ಕಿಲ್ಟಿಗೆ ಇಷ್ಟು ಅಂತ ಕೂಲಿ. ಓದುವಾಗಲೇ ನನಗೆ ನಮ್ಮ ಊರಿನ ಬೀಡಿ ನೆನಪಾಯ್ತು. ಎಲೆ, ತಂಬಾಕು ತಂದು ಮನೆಯ ಜಗಲಿಯಲ್ಲಿ ಕೂತು ಕಟ್ಟಿ ಸಾವಿರದ ಲೆಕ್ಕದಲ್ಲಿ ಬ್ರಾಂಚಿಗೆ ಕೊಡುದು, ಗಂಟೆ ಎಷ್ಟು ಹೋಯ್ತು ಅಂತ ಯಾರೂ ಕೇಳುದಿಲ್ಲ. ಪೀಸ್ ರೇಟಲ್ಲಿ ಕೆಲಸ ಮಾಡುವವರಿಗೆ ಕೈ ಬೇಗ ಓಡಿದ್ರೆ ಮಾತ್ರ ಬದುಕು. ಇಂಥ ಕೆಲಸಕ್ಕೆ ಹೊಸ ಹುಡುಗಿಯರು ಬರುದು ಕಡಿಮೆ ಅಂದ್ರೆ ಆಶ್ಚರ್ಯ ಎಂತದ್ದು? ಇಲ್ಲಿ ನನ್ನ ಹತ್ತಿರ ಹೊಲಿಗೆ ಕಲಿಲಿಕ್ಕೆ ಬಂದವರಲ್ಲೂ ಹೆಮ್ಮಿಂಗ್ ಕೊಟ್ಟ ಕೂಡ್ಲೆ ಫೋನ್ ನೋಡ್ಲಿಕ್ಕೆ ಶುರು ಮಾಡುವವರೇ ಜಾಸ್ತಿ. ಅವರನ್ನು ಬೈದು ಪ್ರಯೋಜನ ಇಲ್ಲ, ಹೊಸಂಗಡಿಯ ಬಟ್ಟೆ ಅಂಗಡಿಯಲ್ಲಿ ಸೇಲ್ಸಿಗೆ ನಿಂತ್ರೆ ತಿಂಗಳಿಗೆ ಇಂತಿಷ್ಟು ಅಂತ ಕೈಗೆ ಬರ್ತದೆ.

ಹಾಗಾದ್ರೆ ಎಡಿನ್‌ಬರೋದ ರಾಯಲ್ ಮೈಲ್ ಬೀದಿಯಲ್ಲಿ 40, 50 ಪೌಂಡಿಗೆ ನೇತು ಹಾಕಿರ್ತಾರಲ್ಲ ಅದು ಎಂತದು ಅಂತ ತಮ್ಮ ಕೇಳಿದ. ಅದರಲ್ಲಿ ತುಂಬ ಮಾಲು ಪಾಕಿಸ್ತಾನದ ಸಿಯಾಲ್‌ಕೋಟಿಂದ ಬರುದು. ಸಿಯಾಲ್‌ಕೋಟ್ ಅಂದ್ರೆ ಫುಟ್ಬಾಲಿಗೆ ಹೆಸರಾದ ಊರು, ಬ್ಯಾಗ್‌ಪೈಪೂ ಅಲ್ಲಿ ರಾಶಿ ರಾಶಿ ತಯಾರಾಗಿ ಹೊರದೇಶಕ್ಕೆ ಹೋಗ್ತದೆ, ಬ್ರಿಟಿಷರ ಕಾಲದ ರೆಜಿಮೆಂಟುಗಳಿಗೆ ಸಾಮಾನು ಮಾಡ್ತಾ ಮಾಡ್ತಾ ಬೆಳೆದ ಉದ್ಯೋಗ. ಆ ಅಗ್ಗದ ಕಿಲ್ಟಲ್ಲಿ ಬಟ್ಟೆ ಉಣ್ಣೆ ಅಲ್ಲ, ಆಕ್ರಿಲಿಕ್ಕೋ ಪಾಲಿಯೆಸ್ಟರ್ ವಿಸ್ಕೋಸೋ, ಗಜವೂ ಕಡಿಮೆ, ನೆರಿಗೆ ಮೆಷಿನಲ್ಲಿ ಸರ್ರಂತ ಎಳೆದದ್ದು, ಗೆರೆ ಸೇರಿದ್ರೆ ಅದೃಷ್ಟ. ಹೊಲಿದವರನ್ನು ನಾನು ಕೀಳು ಮಾಡುದಿಲ್ಲ, 50 ಪೌಂಡಿಗೆ ಮಾರ್ಬೇಕು ಅಂತ ಮೊದಲೇ ನಿಶ್ಚಯ ಮಾಡಿ ಕೊಟ್ರೆ ನಾನಾದ್ರೂ ಹಾಗೇ ಹೊಲಿಯುದು. ಸ್ಕಾಟ್ಲೆಂಡಲ್ಲೇ ಒಳ್ಳೆ ಉಣ್ಣೆ ತಗೊಂಡು ಮೆಷಿನಲ್ಲಿ ಹೊಲಿದು ನಡುವಿನ ರೇಟಿಗೆ ಕೊಡುವವರೂ ಇದ್ದಾರೆ, ಅದನ್ನು ನಾನು ಕೆಟ್ಟದು ಅಂತ ಹೇಳ್ಲಿಕ್ಕಿಲ್ಲ. ವ್ಯತ್ಯಾಸ ಎಲ್ಲಿ ಅಂದ್ರೆ, ಸೂಜಿ ಹಿಡಿದ ಕೈ ಪ್ರತಿ ಹೊಲಿಗೆಗೂ ಮಡಿಕೆಯನ್ನು ಅರ್ಧ ನೂಲಿನಷ್ಟು ಆಚೆ ಈಚೆ ಮಾಡಿ ಗೆರೆ ಸೇರಿಸ್ತದೆ, ಮೆಷಿನಿಗೆ ಆ ಕಣ್ಣಿಲ್ಲ, ಕೆಳಗಿನ ಪದರ ಒಂದು ಕಡೆ ಮೇಲಿನ ಪದರ ಒಂದು ಕಡೆ ಹೋಗ್ತದೆ. ದಪ್ಪ ಬಟ್ಟೆ ಮೆಷಿನಲ್ಲಿ ಹೊಲಿದವರಿಗೆ ಇದು ಗೊತ್ತಿರ್ತದೆ.

ಕಿಲ್ಟ್ ಸಾವಿರಾರು ವರ್ಷದ ಪುರಾತನ ಉಡುಪು ಅಂತ ಕಥೆ ಹೇಳಿ ರೇಟ್ ಏರಿಸುವವರೂ ಇದ್ದಾರೆ, ಅದನ್ನು ನಂಬ್ಬೇಡಿ. ಮೊದಲು ಇದ್ದದ್ದು ಉದ್ದದ ಕಂಬಳಿಯಂಥ ಬಟ್ಟೆಯನ್ನು ನೆರಿಗೆ ಹಿಡಿದು ಬೆಲ್ಟ್ ಕಟ್ಟಿ ಉಳಿದದ್ದನ್ನು ಹೆಗಲಿಗೆ ಹಾಕುದು, ಹೊಲಿಗೆಯೇ ಇಲ್ಲ, ನಮ್ಮ ಸೀರೆ ಪಂಚೆಯ ಹಾಗೆ ದಿನಾ ಹೊಸತಾಗಿ ಉಡುದು. ಹೈಲ್ಯಾಂಡ್ ಅಂದ್ರೆ ಸ್ಕಾಟ್ಲೆಂಡಿನ ಉತ್ತರದ ಗುಡ್ಡ ಸೀಮೆ, ಅಲ್ಲಿಯವರು ದಂಗೆ ಎದ್ದರು ಅಂತ ಬ್ರಿಟಿಷ್ ಸರ್ಕಾರ 1746ರಲ್ಲಿ ಕಾನೂನು ಮಾಡಿ ಹೈಲ್ಯಾಂಡ್ ಗಂಡಸರು ಅದನ್ನು ಉಡುದನ್ನೇ ನಿಲ್ಲಿಸಿತು, ಸೈನ್ಯದಲ್ಲಿ ಇದ್ದವರಿಗೆ ಮಾತ್ರ ಬಿಟ್ಟಿತು, 1782ರಲ್ಲಿ ಆ ಕಾನೂನು ಹೋಯ್ತು. ನೆರಿಗೆ ಹೊಲಿದ ಕಿಲ್ಟ್ ಉಳಿದು ಬಂದದ್ದರಲ್ಲಿ ಹಳೆಯದು 1790ರ ದಶಕದ್ದು, ಅದಕ್ಕೆ ಸಿಂಗಲ್ ಅಗಲದ 4 ಗಜದಷ್ಟೇ ಬಟ್ಟೆ, ಈಗಿನದ್ದರ ಅರ್ಧ. 1822ರಲ್ಲಿ ರಾಜ ನಾಲ್ಕನೇ ಜಾರ್ಜ್ ಎಡಿನ್‌ಬರೋಗೆ ಬಂದಾಗ ಕಾದಂಬರಿ ಬರೆಯುವ ವಾಲ್ಟರ್ ಸ್ಕಾಟ್ ಎಲ್ಲರಿಗೂ ಟಾರ್ಟನ್ ಹಾಕಿಸಿ ಮೆರವಣಿಗೆ ಮಾಡಿಸಿದ್ರಿಂದ ಅದು ಇಡೀ ದೇಶದ ಫ್ಯಾಷನ್ ಆಯ್ತು. 8 ಗಜ ಎಲ್ಲ ಅದರ ನಂತರ ಬಂದದ್ದು. ಈಗ ಟಾರ್ಟನಿಗೆ ಸರ್ಕಾರಿ ರಿಜಿಸ್ಟರೇ ಉಂಟು, 2008ರ ಕಾನೂನಿನ ಪ್ರಕಾರ 2009ರಲ್ಲಿ ಶುರು ಆದದ್ದು, ಯಾರು ಬೇಕಾದ್ರೂ ಹೊಸ ಡಿಸೈನ್ ಮಾಡಿ ಫೀಸು ಕಟ್ಟಿ ನೋಂದಾಯಿಸಬಹುದು. ಬದಿಯಡ್ಕದ ಟಾರ್ಟನ್ ಅಂತ ಒಂದು ಮಾಡುವನಾ ಅಂತ ತಮ್ಮನಿಗೆ ತಮಾಷೆ ಮಾಡಿದೆ, ಅಡಕೆ ಬಣ್ಣ, ಕೆಂಪು ಮಣ್ಣಿನ ಬಣ್ಣ, ಪಾಚಿ ಹಸಿರು.

ಹಾಂ, ಹೇಳ್ಲಿಕ್ಕೆ ಮರೆತೇ ಹೋಗ್ತಿತ್ತು. ದಕ್ಷಿಣ ಆಫ್ರಿಕಾದಲ್ಲಿ ಆದ ಬೋಯರ್ ಯುದ್ಧದ ಹೊತ್ತಿಗೆ ಕಿಲ್ಟಿನ ಬಣ್ಣ ಶತ್ರುವಿಗೆ ದೂರದಿಂದಲೇ ಕಾಣ್ತದೆ ಅಂತ ಹೈಲ್ಯಾಂಡ್ ಸೈನಿಕರು ಅದರ ಮೇಲೆ ಖಾಕಿ ಬಟ್ಟೆಯ ಏಪ್ರನ್ ಕಟ್ಟಿಕೊಳ್ತಾ ಇದ್ರು. ಖಾಕಿ ಎಲ್ಲಿಂದ ಶುರು ಅಂತ ಬೇರೆ ಬೇರೆ ಕಥೆ ಉಂಟು, ಅದರಲ್ಲಿ ಒಂದು ನಮ್ಮ ಮಂಗಳೂರಿನ ಬಲ್ಮಠದ್ದು, ಬಾಸೆಲ್ ಮಿಶನಿನ ನೇಯ್ಗೆ ಕಾರ್ಖಾನೆಯಲ್ಲಿ ಜಾನ್ ಹಾಲರ್ 1850ರ ಸುಮಾರಿಗೆ ಆ ಬಣ್ಣ ಹಾಕಿದ ಅಂತ. ಅಷ್ಟು ರೇಟಿನ ಕಿಲ್ಟನ್ನು ಮಂಗಳೂರಿನ ಬಣ್ಣದಲ್ಲಿ ಮುಚ್ಚಿದ್ರು ಅಂತ ಅಂದುಕೊಳ್ಳಲಿಕ್ಕೆ ನನಗಂತೂ ಖುಷಿ.

ಕಾಸರಗೋಡು ಸೀರೆಯ ವಿಷಯ ಮೇಲೆ ಬಂತಲ್ಲ. ಅದಕ್ಕೆ ಜಿಐ ಟ್ಯಾಗ್ ಉಂಟು, ಕಾಟನ್, ಒಗೆದಷ್ಟೂ ಮೆತ್ತಗೆ ಆಗ್ತದೆ, ಬಾಳಿಕೆ ಅಂದ್ರೆ ಬಾಳಿಕೆ. ಅಮ್ಮನ ಒಂದು ಸೀರೆ ನಾನೂ ಉಟ್ಟು ಈಗ ಮಗಳು ಕಾಲೇಜ್ ಫಂಕ್ಷನಿಗೆ ಉಡ್ತಾಳೆ. ಆದ್ರೆ ಮೇಳದ ಸ್ಟಾಲಲ್ಲಿ ಅದರ ರೇಟ್ ನೋಡಿ ನಮ್ಮವರೇ "ಕಾಟನ್ ಸೀರೆಗೆ ಇಷ್ಟಾ" ಅಂತ ಹೇಳಿ ಪಕ್ಕದ ಪವರ್‌ಲೂಮ್ ರಾಶಿಗೆ ಕೈ ಹಾಕ್ತಾರೆ. ತೆಂಗಿನ ಮರ ಹತ್ತುವವ ಮರಕ್ಕೆ ಇಷ್ಟು ಅಂದ್ರೆ ಪಿಟಕ್ ಅನ್ನದೆ ಕೊಡ್ತೇವೆ, ಯಾಕಂದ್ರೆ ಹತ್ತುದು ನಮ್ಮ ಕಣ್ಣೆದುರು. ಮಗ್ಗದ ಗುಂಡಿಯಲ್ಲಿ ಕಾಲು ಇಳಿಸಿ ಕೂತವರನ್ನು ನಾವು ನೋಡಿಯೇ ಇಲ್ಲ. ಇಲ್ಲಿಯೂ ನೇಯುವವರ ಸಂಖ್ಯೆ ಕಡಿಮೆ ಆಗ್ತಾ ಬಂತು, ಸಹಕಾರಿ ಸಂಘ ಇದ್ದದ್ದಕ್ಕೆ ಇಷ್ಟಾದ್ರೂ ಉಳೀತು.

ಬಾಳಿಕೆಯ ಲೆಕ್ಕ ಹಾಕಿದ್ರೆ ಕಿಲ್ಟಿನ ರೇಟೂ ಬೇರೆಯೇ ಕಾಣ್ತದೆ. ಒಳ್ಳೆ ಉಣ್ಣೆ ಕಿಲ್ಟ್ ನೋಡಿಕೊಂಡ್ರೆ ಮೂವತ್ತು ನಲವತ್ತು ವರ್ಷ ಬರ್ತದೆ, ಅಪ್ಪನದ್ದನ್ನು ಮಗ ಹಾಕುದು ಅಲ್ಲಿ ಮಾಮೂಲು. ಹೊಟ್ಟೆ ಬಂದ್ರೆ ಬಕಲ್ ಬಿಚ್ಚಿ ಆಚೆ ಇಟ್ಟು ಹೊಲಿದ್ರೆ ಚೂರು ಸಡಿಲ ಸಿಗ್ತದೆ, ತೀರಾ ಬಂದ್ರೆ ಕಿಲ್ಟ್ ಹೊಲಿಯುವವರ ಹತ್ತಿರವೇ ಬಿಚ್ಚಿ ಪುನಃ ಹೊಲಿಸ್ಬೇಕು. ಪ್ಯಾಂಟಿಗೆ ಹೀಗೆ ಮಾಡ್ಲಿಕ್ಕೆ ಎಷ್ಟು ಸಲ ಆಗ್ತದೆ? ಆದ್ರೆ ಈ ಬಾಳಿಕೆಯ ಮಾತು ಕಾಸರಗೋಡು ಇರ್ಲಿ, ಬೇರೆ ಯಾವ ಊರಿನ ಕೈಮಗ್ಗದವರು ಹೇಳಿದ್ರೂ ಗಿರಾಕಿಗೆ ಇವತ್ತು ಜೇಬಿಂದ ಹೋಗುವ ದುಡ್ಡೇ ಕಾಣುದು, ಅದು ತಪ್ಪು ಅಂತಲೂ ಹೇಳ್ಲಿಕ್ಕಾಗುದಿಲ್ಲ, ಎಲ್ಲರ ಹತ್ತಿರ ಒಟ್ಟಿಗೆ 80,000 ಇರುದಿಲ್ಲವಲ್ಲ. ಅಲ್ಲಿ ಸೊಂಟಕ್ಕೆ ಎದುರು ನೇತಾಡುವ ಚರ್ಮದ ಚೀಲ, ಉದ್ದ ಕಾಲುಚೀಲ, ಅದಕ್ಕೆ ಸಿಕ್ಕಿಸುವ ಸಣ್ಣ ಚೂರಿ, ಬೂಟು, ಕೋಟು ಅಂತ ಬೇರೆಯೇ ಪಟ್ಟಿ ಉಂಟು, ಕಿಲ್ಟಿಗೆ ಜೇಬು ಇಲ್ಲದ್ದಕ್ಕೆ ಆ ಚೀಲ ಬೇಕೇ ಬೇಕು, ಎಲ್ಲ ಹೊಸತು ತಗೊಂಡ್ರೆ ಇನ್ನೊಂದು ಕಿಲ್ಟಿನ ದುಡ್ಡು ಆದೀತು.

ತಮ್ಮನಿಗೆ ನಾನು ಹೇಳಿದ್ದು ಇಷ್ಟೇ. ಒಂದು ಮದುವೆಗೆ ಆದ್ರೆ ಬಾಡಿಗೆಗೆ ತಗೊ, ಅಲ್ಲಿಯವರೇ ಎಷ್ಟೋ ಜನ ಮದುವೆಗೆ ಬಾಡಿಗೆಯದ್ದೇ ಹಾಕುದು. ನಿನಗೆ ಅಲ್ಲೇ ಇರ್ಲಿಕ್ಕೆ ಉಂಟು, ವರ್ಷಕ್ಕೆ ನಾಲ್ಕು ಸಲ ಹಾಕ್ತೇನೆ ಅಂತಾದ್ರೆ ಅಗ್ಗದ ಹೊಸತು ಬೇಡ, ಕೈ ಹೊಲಿಗೆಯ ಹಳೆಯದು ಹುಡುಕು, ಸೆಕೆಂಡ್‌ಹ್ಯಾಂಡ್ ಅಂಗಡಿಗಳಲ್ಲಿ ಸಿಗ್ತದೆ, ನಿನ್ನ ಅಳತೆಗೆ ಹತ್ತಿರದ್ದು ಸಿಕ್ಕಿದ್ರೆ ಬಕಲ್ ಆಚೆ ಈಚೆ ಮಾಡಿಸಬಹುದು, ಉದ್ದ ಮಾತ್ರ ಸರಿಯಾಗಿ ನೋಡಿಕೊ, ಉದ್ದ ಸರಿ ಮಾಡ್ಲಿಕ್ಕೆ ಕಷ್ಟ. ಹಿಂದೆ ತಿರುಗಿಸಿ ಚೌಕುಳಿ ಸೇರಿದೆಯಾ ನೋಡು. ನೆರಿಗೆ ಸೊಂಟದ ಕಡೆ ಸಪೂರ ಆಗ್ತಾ ಹೋಗಿದೆಯಾ ನೋಡು. ಒಳಗೆ ಲೈನಿಂಗ್ ಎತ್ತಿ ಕ್ಯಾನ್ವಾಸ್ ಉಂಟಾ ನೋಡು, ಕೈಯಲ್ಲಿ ಹಿಡಿದಾಗ ಭಾರ ಅನಿಸ್ಬೇಕು. ಮತ್ತೆ ಬೆಳಕಿಗೆ ಹಿಡಿದು ಪ್ರತಿ ನೆರಿಗೆ ಬಿಡಿಸಿ ನೋಡು, ಉಣ್ಣೆಗೆ ಹುಳ ಬಿದ್ರೆ ತೂತು ಮಡಿಕೆಯ ಒಳಗೇ ಇರುದು, ಮೇಲಿಂದ ಗೊತ್ತಾಗುದೇ ಇಲ್ಲ.